ಅಮ್ಮನ ಕೊರಳಿಗೆ ಹವಾಯಿ ಹಾರ

ಯಾರಾದರೂ ನಿಮ್ಮ ಕೊರಳಿಗೆ ಹಾರ ಹಾಕಿದರೆ ಏನು ಮಾಡುತ್ತೀರಿ?

ನಾನು ಹೇಳುತ್ತೇನೆ. ಕೈಮುಗಿಯುತ್ತೀರಿ. ಸ್ವಲ್ಪ ನಾಚಿಕೊಂಡು ನಗುತ್ತೀರಿ. ಮೂರನೆಯ ಸೆಕೆಂಡಿಗೆ ಹಾರ ತೆಗೆದು ಮುಂದಿನ ಟೇಬಲ್ ಮೇಲಿಡುತ್ತೀರಿ. ನಮ್ಮ ಕಡೆಯ ಮುಖ್ಯ ಅತಿಥಿಗಳೆಲ್ಲ ಮಾಡುವುದು ಇದನ್ನೇ. ತೆಗೆಯದೆ ಹಾಗೇ ಕೂತಿರೋ, "ನೋಡು, ಹಾರ ಬಿಚ್ಚೋಕೂ ಮನಸ್ಸಿಲ್ಲ ಮಹಾಶಯನಿಗೆ" ಎಂದು ಎರಡನೆಯ ಸಾಲಿನಲ್ಲಿ ಪಿಸುಮಾತು ಶುರುವಾಗುತ್ತದೆ. (ಹೋದ ವರ್ಷ ನಾನು ಇಲ್ಲಿ ಅಮೆರಿಕದಲ್ಲಿ ನಮ್ಮೂರಿನ ಕನ್ನಡ ಕೂಟದ ಕಾರ್ಯದರ್ಶಿಯಾಗಿದ್ದೆ. ಎರಡು ಸಲ ಹಾರ ಹಾಕಿಸಿಕೊಂಡಿದ್ದೇನೆ. ಅನುಭವದ ಮಾತು.)

ಕಳೆದ ತಿಂಗಳು ಸೌತ್ ಕ್ಯಾರೊಲೈನಾದ ಮಿರ್ಟಲ್ ಬೀಚಿನಲ್ಲಿ, ಒಂದು ಹೋಟೆಲಿನ ಬಾಗಿಲಲ್ಲಿ, ದೊಡ್ಡ ಹೂವಿನ ಚಿತ್ರಗಳ ಗೌನು ತೊಟ್ಟ ವಯಸ್ಸಾದ ಹೆಂಗಸೊಬ್ಬಳು ನನ್ನ ಕೊರಳಿಗೆ ಪ್ಲಾಸ್ಟಿಕ್ ಹೂವಿನ ಹಾರ ಹಾಕಿ "ಅಲೋಹಾ" ಎಂದಳು. ನನ್ನ ಕೈಗಳು ತಮ್ಮಷ್ಟಕ್ಕೆ ತಾವೇ ಕೆಲಸ ಮುಗಿಸಿದವು. ಕೈಮುಗಿದೆ, ನಕ್ಕೆ, ಹಾರ ತೆಗೆದು ಅವಳ ಮುಂದಿದ್ದ ಟೇಬಲ್ ಮೇಲೇ ಇಟ್ಟೆ.

ಅವಳ ನಗು ಅರ್ಧಕ್ಕೇ ನಿಂತಿತು.

"ಡ್ಯಾಡ್! ಯೂ ಕಾಂಟ್ ಡು ದಟ್!" ಒಂಬತ್ತು ವರ್ಷದ ನನ್ನ ಮಗಳು ಅನು ನನ್ನ ತೋಳು ಜಗ್ಗಿದಳು. ಅವಳು ಸ್ಕೂಲಿನಲ್ಲಿ ಹವಾಯಿ ಬಗ್ಗೆ ಪ್ರಾಜೆಕ್ಟ್ ಮಾಡಿದ್ದಾಳೆ. ಹಾಕಿದವರ ಎದುರಿಗೇ ಹಾರ ತೆಗೆಯುವುದೆಂದರೆ ಅವರ ಪ್ರೀತಿಯನ್ನು ಬೇಡ ಎಂದು ವಾಪಸ್ ಕೊಟ್ಟ ಹಾಗಂತೆ. ನಮ್ಮಲ್ಲಿ ವಿನಯ, ಅವರಲ್ಲಿ ಅವಮಾನ. ನಾನು ಬೆಪ್ಪನಂತೆ ಹಾರವನ್ನು ಮತ್ತೆ ಹಾಕಿಕೊಂಡು, ಸಾರಿ ಎಂದು ಒಳಗೆ ನಡೆದೆ. ಹೆಂಡತಿ ಸುಮಾ ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ನಾವು ಹೋಗಿದ್ದು ಲೂವಾವ್‌ಗೆ. ಹವಾಯಿ ದ್ವೀಪದವರ ಔತಣಕ್ಕೆ ಹಾಗೆನ್ನುತ್ತಾರೆ. ಊಟ, ಹಾಡು, ಕುಣಿತ, ಎಲ್ಲ ಒಟ್ಟಿಗೆ. ಬೇಸಿಗೆಯ ಶನಿವಾರಗಳಲ್ಲಿ ಆ ಹೋಟೆಲಿನವರು ತಮ್ಮ ಹಿಂದಿನ ಹುಲ್ಲುಹಾಸಿನಲ್ಲಿ ಇದನ್ನು ನಡೆಸುತ್ತಾರೆ. ಹವಾಯಿ ಇರುವುದು ಪೆಸಿಫಿಕ್‌ನಲ್ಲಿ, ಮಿರ್ಟಲ್ ಬೀಚ್ ಇರುವುದು ಅಟ್ಲಾಂಟಿಕ್ ದಡದಲ್ಲಿ. ಇದೆಂಥಾ ಹವಾಯಿ ಎಂದು ನಾನು ಮೊದಲು ನಕ್ಕೆ. ಆಮೇಲೆ ಅಟ್ಲಾಂಟಾ ಪಕ್ಕದ ನಮ್ಮೂರು ಲಾರೆನ್ಸ್‌ವಿಲ್‌ನಲ್ಲಿ ಮೊನ್ನೆ ಮೊನ್ನೆ ನಾವು ಮಾಡಿದ ಯುಗಾದಿ ನೆನಪಾಯಿತು. ಸ್ಕೂಲೊಂದರ ಕೆಫೆಟೀರಿಯಾ, ಹಸಿರು ಕಾಗದ ಕತ್ತರಿಸಿ ಮಾಡಿದ ಮಾವಿನೆಲೆ, ಹಬ್ಬ ಕಳೆದು ಹನ್ನೆರಡನೆಯ ದಿನಕ್ಕೆ ಸಿಕ್ಕ ಶನಿವಾರ. ನಗುವ ಅರ್ಹತೆ ನನಗೆಲ್ಲಿದೆ?

ಈ ಪ್ರವಾಸ ಅಮ್ಮನಿಗಾಗಿ. ಮೈಸೂರಿನಲ್ಲಿ ಅಕ್ಕನ ಮನೆಯಲ್ಲಿರುವ ಅಮ್ಮ ಆರು ತಿಂಗಳಿಗೆಂದು ಬಂದಿದ್ದಳು. ಎಪ್ಪತ್ತೊಂದು ವರ್ಷ. "ಇಲ್ಲೆಲ್ಲೂ ಸಮುದ್ರ ಇಲ್ವೇನೋ?" ಎಂದು ಒಮ್ಮೆ ಕೇಳಿದ್ದಳು. ಅಷ್ಟಕ್ಕೇ ಮೊಸರನ್ನ, ಪುಳಿಯೋಗರೆ ಕಟ್ಟಿಕೊಂಡು ಏಳು ಗಂಟೆ ಡ್ರೈವ್ ಮಾಡಿದ್ದೆವು.

ಅಮ್ಮನ ಬಗ್ಗೆ ಒಂದು ಮಾತು ಹೇಳಬೇಕು. ಅವಳು ಹೂ ಕಟ್ಟುವುದನ್ನು ನೀವು ನೋಡಬೇಕು. ಕಣ್ಣು ಎಲ್ಲೋ, ಮಾತು ಎಲ್ಲೋ, ಬೆರಳು ಮಾತ್ರ ತಪ್ಪುವುದಿಲ್ಲ. ನಮ್ಮ ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸಿನಲ್ಲಿ ಮಲ್ಲಿಗೆಯ ಹಾಗೆ ಘಮ್ಮೆನ್ನುವ ಬಿಳಿ ಹೂವಿನ ಗಾರ್ಡೇನಿಯಾ ಗಿಡವನ್ನು ಬಂದ ವಾರವೇ ಪತ್ತೆ ಹಚ್ಚಿದಳು. ಸುಮಾಳ ಹೊಲಿಗೆ ಡಬ್ಬಿಯ ದಾರದಲ್ಲಿ ದಿನವೂ ಒಂದು ಮಾಲೆ. ದೇವರಿಗೆ ಒಂದು ತುಂಡು, ಸೊಸೆಗೆ ಒಂದು ತುಂಡು, ಮೊಮ್ಮಗಳ ಮೋಟು ಜಡೆಗೂ ಒಂದು ತುಂಡು. ಅವಳಿಗೆ ಇಲ್ಲ. ಅಪ್ಪ ತೀರಿಕೊಂಡು ಹದಿನಾಲ್ಕು ವರ್ಷವಾಯಿತು. ಅಂದಿನಿಂದ ಅವಳು ಹೂ ಮುಡಿದಿಲ್ಲ. ಮುಡಿಯಬೇಡ ಎಂದು ಯಾರೂ ಹೇಳಲಿಲ್ಲ. ಮುಡಿ ಎಂದೂ ಯಾರೂ ಹೇಳಲಿಲ್ಲ. ನಾನೂ ಹೇಳಲಿಲ್ಲ.

ಊಟದ ಕಥೆ ದೊಡ್ಡದೇನಿಲ್ಲ. ಲೂವಾವ್‌ನ ಮುಖ್ಯ ಅಡುಗೆ ನೆಲದ ಗುಂಡಿಯಲ್ಲಿ ಸುಟ್ಟ ಹಂದಿ. ನಮಗೆ ಸಿಕ್ಕಿದ್ದು ಅನ್ನ, ಪೈನಾಪಲ್, ಸಣ್ಣ ಬಟ್ಟಲಲ್ಲಿ ನೇರಳೆ ಬಣ್ಣದ ಗಂಜಿಯಂಥದ್ದು. ಅಮ್ಮ ಬೆರಳ ತುದಿಯಲ್ಲಿ ನೆಕ್ಕಿ ನೋಡಿದಳು. "ಕೆಸುವಿನ ಗೆಡ್ಡೆ ಕಣೋ ಇದು! ಬೇಯಿಸಿ ಅರೆದಿದಾರೆ. ಪಾಪ, ಒಗ್ಗರಣೆ ಹಾಕೋದು ಮರೆತಿದಾರೆ." ಮರೆತಿಲ್ಲ, ಅವರು ತಿನ್ನುವುದೇ ಹಾಗೆ ಎಂದು ನಾನು ಹೇಳಲು ಹೋಗಲಿಲ್ಲ. ಬಟ್ಟಲು ಖಾಲಿಯಾಗಿತ್ತು.

ಆಮೇಲೆ ಬೆಳಕು ಮೆಲ್ಲಗೆ ಇಳಿಯಿತು. ಸಮುದ್ರ ಮೊದಲು ಗುಲಾಬಿಯಾಯಿತು, ಆಮೇಲೆ ತಿಳಿ ನೇರಳೆ, ಆಮೇಲೆ ಹೆಸರಿಲ್ಲದ ಯಾವುದೋ ಬಣ್ಣ. ಹುಲ್ಲಿನ ಸುತ್ತ ನೆಟ್ಟಿದ್ದ ಪಂಜುಗಳನ್ನು ಹಚ್ಚಿದರು. ಗಿಟಾರ್ ಶುರುವಾಯಿತು. ಒಂದು ಸ್ವರ ಇನ್ನೊಂದಕ್ಕೆ ಹಾರದೆ, ಜಾರಿಕೊಂಡು ಹೋಗುವ ಗಿಟಾರ್. ಅಮ್ಮ ತೊಡೆಯ ಮೇಲೆ ತಾಳ ಹುಡುಕುತ್ತಿದ್ದಳು. "ಗಮಕ ಚೆನ್ನಾಗಿದೆ" ಎಂದಳು.

ನಾಲ್ಕು ಹೆಂಗಸರು ಬಂದು ಕುಣಿದರು. ಕುಣಿತ ಎನ್ನುವುದಕ್ಕಿಂತ ತೇಲಾಟ. ಹಾಡಿನ ಒಂದು ಪದವೂ ನಮಗೆ ಗೊತ್ತಿಲ್ಲ. ಅಮ್ಮ ಮಾತ್ರ ಅವರ ಕೈಗಳನ್ನೇ ನೋಡುತ್ತಾ ಅನುವಿಗೆ ಪಿಸುಗುಟ್ಟುತ್ತಿದ್ದಳು. "ಅದು ಅಲೆ, ಪುಟ್ಟೀ. ಅದು ಚಂದ್ರ. ಅವಳು ಯಾರನ್ನೋ ಕಾಯ್ತಿದಾಳೆ ನೋಡು. ಅವನು ಬಂದಿಲ್ಲ." ಅನು ಅಜ್ಜಿಯ ಭುಜಕ್ಕೆ ತಲೆಯಿಟ್ಟು ಕೇಳುತ್ತಿದ್ದಳು. ಗ್ರೀನ್ ಕಾರ್ಡ್, ಪ್ರಾಜೆಕ್ಟಿನ ಡೆಡ್‌ಲೈನ್, ಕಾರಿನ ಬ್ರೇಕು, ನನಗೆ ಯಾವುದೂ ನೆನಪಿರಲಿಲ್ಲ. ಗಾಳಿಯಲ್ಲಿ ಉಪ್ಪಿನ ವಾಸನೆ ಇತ್ತು. ಎಲ್ಲಿದ್ದೇನೆ ಎಂಬುದೇ ಮರೆತು, ಬಹಳ ವರ್ಷಗಳ ಮೇಲೆ, ನಾನು ಸುಮ್ಮನೆ ಸುಖವಾಗಿದ್ದೆ.

ಹಾಡು ನಿಂತಾಗ ಮೈಕ್ ಹಿಡಿದವನು ಕೇಳಿದ: "ಇಲ್ಲಿ ಎಪ್ಪತ್ತು ದಾಟಿದ ಮಹಿಳೆಯರು ಯಾರಿದ್ದಾರೆ?"

ಅನು ಅಜ್ಜಿಯ ಕೈಯನ್ನು ಹಿಡಿದು ಮೇಲೆತ್ತಿಬಿಟ್ಟಳು. ಬೇರೆ ಯಾರ ಕೈಯೂ ಏಳಲಿಲ್ಲ.

ಬಾಗಿಲಲ್ಲಿ ನನಗೆ ಹಾರ ಹಾಕಿದ ಆ ಹೆಂಗಸೇ ಬಂದಳು. ಎಲ್ಲರೂ ಅವಳನ್ನು ಆಂಟಿ ಮಲಿಯಾ ಎನ್ನುತ್ತಿದ್ದರು. (ಹವಾಯಿಯವರೂ ಹಿರಿಯರನ್ನೆಲ್ಲ ಆಂಟಿ, ಅಂಕಲ್ ಎಂದೇ ಕರೆಯುತ್ತಾರಂತೆ. ನಾವು ಕಲಿಸಿದ್ದಲ್ಲ.) ಅವಳ ಕೈಯಲ್ಲಿದ್ದದ್ದು ಪ್ಲಾಸ್ಟಿಕ್ ಅಲ್ಲ. ದೇವಕಣಗಿಲೆ. ಬಿಳಿ ಎಸಳು, ನಡುವೆ ಅರಿಶಿನ. ಸೈನಿಕನೊಬ್ಬನನ್ನು ಮದುವೆಯಾಗಿ ಮೂವತ್ತು ವರ್ಷದ ಹಿಂದೆ ಈ ಕಡೆ ಬಂದವಳು, ಕುಂಡದಲ್ಲಿ ಆ ಗಿಡಗಳನ್ನು ಬೆಳೆಸಿದ್ದಾಳೆ. ಚಳಿಗಾಲವಿಡೀ ಅವು ಗರಾಜಿನಲ್ಲಿ. ಬೇಸಿಗೆಯಲ್ಲಿ ವಾರಕ್ಕೆ ಒಂದೇ ಹಾರಕ್ಕಾಗುವಷ್ಟು ಹೂ. ಅದು ಅಂದಿನ ಹಿರಿಯ ಹೆಂಗಸಿಗೆ. ಮೈಕಿನವನು ಇದನ್ನೆಲ್ಲ ಹೇಳುತ್ತಿದ್ದ.

ಅಮ್ಮ ಎದ್ದಳು. ಹಾರ ಕಂಡಳು. ಎರಡು ಹೆಜ್ಜೆ ಹಿಂದೆ ಹೋದಳು.

"ನಂಗೆ ಬೇಡ. ನಂಗೆ ಬೇಡಮ್ಮ. ಮಗೂಗೆ ಹಾಕಿ" ಎಂದು ಎರಡೂ ಕೈ ಅಡ್ಡ ಹಿಡಿದಳು.

ಸುತ್ತಲ ಟೇಬಲ್‌ಗಳವರು ಇತ್ತ ತಿರುಗಿದರು. ಆಂಟಿ ಮಲಿಯಾಳ ಕೈ, ಹಾರದ ಸಮೇತ, ಗಾಳಿಯಲ್ಲೇ ನಿಂತಿತು. ಅವಳು ನನ್ನತ್ತ ತಿರುಗಿದಳು. "ನಿಮ್ಮ ಮನೆಯವರಿಗೆಲ್ಲ ನನ್ನ ಹಾರದ ಮೇಲೆ ಏನು ಸಿಟ್ಟು?" ತಮಾಷೆಯ ದನಿಯಲ್ಲೇ ಕೇಳಿದಳು. ಕಣ್ಣಲ್ಲಿ ತಮಾಷೆ ಇರಲಿಲ್ಲ.

ನಾನು ಏನು ಹೇಳಲಿ? ಗಂಡ ಸತ್ತ ಹೆಂಗಸರ ಹೂವು ಕಸಿಯುವ ಸಮಾಜದ ಬಗ್ಗೆ ಇದೇ ಅಂಕಣದಲ್ಲಿ ಮೂರು ಸಲ ಗುಡುಗಿದವನು ನಾನು. ನೀವು ಭೇಷ್ ಎಂದು ಪತ್ರ ಬರೆದಿದ್ದಿರಿ. ಅಲ್ಲಿ ನಿಂತಾಗ, ಇಂಗ್ಲಿಷಿನಲ್ಲೂ ಬಾಯಿ ಕಟ್ಟಿತು. ಕೊನೆಗೆ ಹೇಗೋ ಹೇಳಿದೆ: ನನ್ನ ತಂದೆ ಇಲ್ಲ. ನಮ್ಮಲ್ಲಿ ಆಮೇಲೆ ಹೂ ಮುಡಿಯುವುದಿಲ್ಲ.

"ಎಷ್ಟು ವರ್ಷವಾಯಿತು?" ಎಂದಳು.

"ಹದಿನಾಲ್ಕು."

"ನನ್ನವನು ಹೋಗಿ ಒಂಬತ್ತು" ಎಂದು ಅವಳು ತನ್ನ ಎಡಗಿವಿಯ ಮೇಲಿದ್ದ ಹೂವನ್ನು ಮುಟ್ಟಿದಳು. ಅವರಲ್ಲಿ ಬಲಗಿವಿಯ ಮೇಲೆ ಹೂವಿದ್ದರೆ ಒಂಟಿ ಎಂದು, ಎಡಗಿವಿಯ ಮೇಲಿದ್ದರೆ ಮನಸ್ಸು ಒಬ್ಬನಿಗೆ ಕೊಟ್ಟಾಗಿದೆ ಎಂದು ಅರ್ಥ. "ಅವನು ಹೋದ. ಕೊಟ್ಟದ್ದನ್ನು ನಾನು ವಾಪಸ್ ಪಡೆದಿಲ್ಲ. ಅದಕ್ಕೇ ಇದು ಈ ಕಡೆಯೇ ಇದೆ. ನಿಮ್ಮ ತಾಯಿಗೆ ಹೇಳಿ."

ನಾನಲ್ಲ, ಅನು ಹೇಳಿದಳು.

"ಅಜ್ಜಿ, ಆಂಟಿ ಹಸ್ಬೆಂಡ್ ಕೂಡ ಸತ್ತೋದ್ರು. ಬಟ್ ಶಿ ಸ್ಟಿಲ್ ಲವ್ಸ್ ಹಿಮ್. ಸೋ ಹೂ ಹಾಕ್ಕೋತಾರೆ. ಈ ಕಿವಿ ಅಂದ್ರೆ ಮ್ಯಾರೀಡ್."

ಅಮ್ಮ ಆ ಹೂವನ್ನು ನೋಡಿದಳು. ಆ ಮುಖವನ್ನು ನೋಡಿದಳು. ಕೈ ಚಾಚಿ ಹಾರವನ್ನು ತೆಗೆದುಕೊಂಡು, ಪಂಜಿನ ಬೆಳಕಿಗೆ ಹಿಡಿದು, ತಿರುಗಿಸಿ ತಿರುಗಿಸಿ ಪರೀಕ್ಷಿಸಿದಳು.

"ಸೂಜೀಲಿ ಪೋಣಿಸಿದಾಳೆ. ಕಟ್ಟಿಲ್ಲ" ಎಂದಳು. "ಆದ್ರೂ ಒಂದು ಎಸಳೂ ನಲುಗಿಲ್ಲ."

ಅದನ್ನು ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದಳು. ಆಮೇಲೆ ಹಾರವನ್ನು ಆಂಟಿ ಮಲಿಯಾಳ ಕೈಗೇ ಹಿಂತಿರುಗಿಸಿ, ಅವಳ ಮುಂದೆ ತಲೆ ಬಗ್ಗಿಸಿದಳು. ನನ್ನನ್ನು ಕೇಳಲಿಲ್ಲ. ಯಾಕೆ ಕೇಳಬೇಕು?

ಜನ ಚಪ್ಪಾಳೆ ತಟ್ಟಿದರು. ಸುಮಾ ಅಳುತ್ತಾ ಹೋಗಿ ಹಾರದಡಿ ಸಿಕ್ಕಿಕೊಂಡಿದ್ದ ಅತ್ತೆಯ ಸೆರಗನ್ನು ಬಿಡಿಸಿದಳು. ಅಮ್ಮನ ಮುಖದಲ್ಲಿ ಒಂದು ನಗು ಇತ್ತು. ನಾನು ಚಿಕ್ಕವನಿದ್ದಾಗ ಸಂಜೆ ಮಲ್ಲಿಗೆ ಮುಡಿದು ಅಪ್ಪನಿಗಾಗಿ ಬಾಗಿಲಲ್ಲಿ ನಿಲ್ಲುತ್ತಿದ್ದಳಲ್ಲ, ಆಗಿನ ನಗು.

"ಒಂದು ಫೋಟೊ ತೆಗಿಯೋ" ಎಂದಳು ನನಗೆ.

ಚೀಲದಿಂದ ಕ್ಯಾಮೆರಾ ತೆಗೆದು ಕಣ್ಣಿಗಿಟ್ಟೆ. ಆ ಪುಟ್ಟ ಕಿಂಡಿಯಲ್ಲಿ ಅಮ್ಮ, ಹಾರ, ಹಿಂದೆ ಕಪ್ಪಾಗುತ್ತಿರುವ ಸಮುದ್ರ. ಅದೇ ಕಿಂಡಿಯಲ್ಲಿ ಮೈಸೂರೂ ಕಂಡಿತು. ಅಕ್ಕನ ಮನೆಯ ಪಡಸಾಲೆಯಲ್ಲಿ ಆಲ್ಬಮ್ ಕೈಯಿಂದ ಕೈಗೆ ಹೋಗುತ್ತಿದೆ. ಅಕ್ಕನ ಅತ್ತೆಯ ಹುಬ್ಬು ಮೇಲೇರಿದೆ. "ಅಮ್ಮನ್ನ ಅಮೆರಿಕಕ್ಕೆ ಕರೆಸಿಕೊಂಡು ಇದನ್ನ ಕಲಿಸಿದ್ನಾ?" ಎಂದು ಚಿಕ್ಕಪ್ಪ ಕೇಳುತ್ತಿದ್ದಾರೆ. ಬೆರಳು ಬಟನ್ ಮೇಲೆ ಇತ್ತು. ಒತ್ತಲಿಲ್ಲ. ಕ್ಯಾಮೆರಾ ಕೆಳಗಿಳಿಸಿದೆ.

"ಯಾಕೋ? ರೀಲ್ ಮುಗೀತಾ?"

"ಹೂಂ, ಅಮ್ಮ."

"ಹೋಗ್ಲಿ ಬಿಡು" ಎಂದು ಅವಳು ಹಾರವನ್ನು ಸರಿ ಮಾಡಿಕೊಂಡು ಸಮುದ್ರದ ಕಡೆ ತಿರುಗಿದಳು. ರೂಮಿಗೆ ಬಂದ ಮೇಲೂ ಬಹಳ ಹೊತ್ತು ಅದನ್ನು ತೆಗೆಯಲಿಲ್ಲ. ಕನ್ನಡಿಯ ಮುಂದೆ ಎರಡು ಸಲ ಹಾದುಹೋದದ್ದನ್ನು ನಾನು ನೋಡಿದೆ. ಆಮೇಲೆ ನನಗೆ ನೋಡಲಾಗಲಿಲ್ಲ.

ಹೋದ ವಾರ ಅಟ್ಲಾಂಟಾ ಏರ್‌ಪೋರ್ಟಿನಲ್ಲಿ, ಚೆಕ್-ಇನ್ ಆದ ಮೇಲೆ ಅಮ್ಮ ಕೇಳಿದಳು: "ವಾರ ವಾರ ಏನೇನೋ ಬರೀತೀಯ. ಆ ಹೂವಿನಾಕೆ ವಿಷಯ ಬರೀಲಿಲ್ವಲ್ಲೋ? ಫೋಟೊನೂ ಇಲ್ಲ. ಬರೆದ್ರೆ ಅದಾದ್ರೂ ಇರುತ್ತೆ."

"ನಿನ್ನ ವಿಷಯಾನೂ ಬರುತ್ತಲ್ಲಮ್ಮ? ಊರೆಲ್ಲ ಓದ್ತಾರೆ."

"ಓದ್ಲಿ. ನಾನೇನು ಕದ್ದು ಹಾಕ್ಕೊಂಡ್ನಾ? ಇದ್ದಿದ್ದು ಇದ್ದ ಹಾಗೆ ಬರಿ."

ಬರೆದಿದ್ದೇನೆ. ಇವತ್ತು ಬೆಳಿಗ್ಗೆ ಇದನ್ನು ಅಕ್ಕನ ಮನೆಯಲ್ಲಿ ಅಕ್ಕನ ಅತ್ತೆ ಓದುತ್ತಾರೆ, ಚಿಕ್ಕಪ್ಪ ಓದುತ್ತಾರೆ. ಅವರೆಲ್ಲ ಮುಗಿಸಿದ ಮೇಲೆ ಅಮ್ಮ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದುತ್ತಾಳೆ. ಉಳಿದ ಒಂದು ಮಾತು ಅವಳಿಗೆ.

ಅಮ್ಮಾ, ರೀಲ್ ಮುಗಿದಿರಲಿಲ್ಲ. ಇನ್ನೂ ಹನ್ನೊಂದು ಫೋಟೊ ಬಾಕಿ ಇದ್ದವು.