ಕೆಡಹುವ ಮುಂಚೆ ತೊಳೆದ ನೆಲ

ನಲವತ್ತು ವರ್ಷ ಬೋರ್ಬಾಲಾ ನಮ್ಮೂರ ಚರ್ಚಿನಲ್ಲಿ ಮೊಣಕಾಲೂರಿದ್ದಳು. ಪ್ರಾರ್ಥನೆಗಲ್ಲ, ನಮ್ಮಲ್ಲಿ ನಿಂತೇ ಪ್ರಾರ್ಥಿಸುವುದು. ನೆಲ ಉಜ್ಜಲು. ಅವಳಮ್ಮನಿಂದ ಬಂದ ಕೆಲಸ ಅದು. ಯಾವ ಹಲಗೆ ಕಿರುಗುಟ್ಟುತ್ತದೆ, ಮದುವೆಯ ದಿನ ಗಂಡ ದೆನೆಶನ ಬೂಟಿನ ಮೊಳೆ ಎಲ್ಲಿ ಗೀರಿತು ಎಂಬುದೆಲ್ಲ ಅವಳ ಅಂಗೈಗೆ ಗೊತ್ತು. ದೆನೆಶ್ ತೀರಿಕೊಂಡ ವಾರವೂ ಅವಳು ನೆಲ ತೊಳೆಯುವುದನ್ನು ತಪ್ಪಿಸಲಿಲ್ಲ.

ಗುಡ್ಡ ಜಾರಿ ಚರ್ಚಿನ ಗೋಡೆ ಸೀಳಿತು, ಬಿರುಕಿನಲ್ಲಿ ಮುಷ್ಟಿ ತೂರುವಷ್ಟು. ಮೇಲಿನ ರಸ್ತೆಯಲ್ಲಿ ಹೊಸ ಚರ್ಚು ಎದ್ದಿತು, ಗಂಟೆಯೂ ಅಲ್ಲಿಗೆ ಹೋಯಿತು. ಹಳೆಯದರಲ್ಲಿ ಭಾನುವಾರ ಕೊನೆಯ ಆರಾಧನೆ, ಸೋಮವಾರ ಕೆಡಹುವವರು ಬರುತ್ತಾರೆ. ಗುರುವಾರ ಬೆಳಿಗ್ಗೆ ಬೋರ್ಬಾಲಾ ಹಿತ್ತಿಲಲ್ಲಿ ಹಂಡೆಗೆ ಬೆಂಕಿ ಹಾಕಿ ನೆಲ ಉಜ್ಜಲು ಬೂದಿನೀರು ಕಾಯಿಸತೊಡಗಿದಳು.

ಚರ್ಚಿನ ಆಡಳಿತ ನೋಡಿಕೊಳ್ಳುವ ಆರೋನನಿಗೆ ನಾಲಿಗೆ ಸ್ವಲ್ಪ ಉದ್ದ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತೆಂದು ಊರೆಲ್ಲ ಆಡಿಕೊಂಡಿದ್ದನ್ನು ಅವನು ಚರ್ಚಿನ ಬಾಗಿಲಲ್ಲಿ ನಿಂತು, ನೆಲ ಉಜ್ಜುತ್ತಿದ್ದ ಅವಳಿಗೇ ಹೇಳಿದ.

"ಬೋರಿಯಕ್ಕ, ಸೋಮವಾರ ಬೀಳೋ ಚರ್ಚಿಗೆ ಇದೆಲ್ಲ ಯಾಕೆ?"

ಅವಳು ಬ್ರಷ್ ನಿಲ್ಲಿಸಲಿಲ್ಲ. "ನಿಮ್ಮಮ್ಮನ್ನ ತೊಳೀದೇ ಮಣ್ಣು ಮಾಡಿದ್ಯಾ ನೀನು?"

ಆರೋನ್ ಟೋಪಿ ತಿರುಗಿಸುತ್ತ ಹೊರಟುಹೋದ. ಅವನಮ್ಮನಿಗೆ ಕೊನೆಯ ಸ್ನಾನ ಮಾಡಿಸಿದವಳು ಬೋರ್ಬಾಲಾಳೇ.

ಮೂರು ದಿನ ಉಜ್ಜಿದಳು. ಶನಿವಾರ ಸಂಜೆ ಹಲಗೆಗಳು ಆಗತಾನೆ ಕೊಯ್ದಂತೆ ಬೆಳ್ಳಗಾದವು. ಕೊನೆಯ ದಿನ ಊರು ತನ್ನ ಚರ್ಚನ್ನು ಹೀಗೇ ನೋಡಬೇಕು, ಅವಳಿಗೆ ಬೇಕಿದ್ದುದು ಅಷ್ಟೇ. ಬಾಗಿಲು ಹಾಕುವ ಹೊತ್ತಿಗೆ ಮಳೆ ಹಿಡಿಯಿತು. ನಮ್ಮೂರ ಕೆಸರೆಂದರೆ ಎತ್ತಿನ ಲಾಳವನ್ನೂ ಕಿತ್ತುಕೊಳ್ಳುವ ಕೆಸರು.

ಭಾನುವಾರ ಬಾಗಿಲಿಗೆ ಗೋಣಿ ಹಾಸಿ ಪಕ್ಕದಲ್ಲಿ ನಿಂತಳು. ಇನ್ನೂರು ಜನರ ಬೂಟಿಗೆ ಎರಡು ಗೋಣಿ ಯಾವ ಲೆಕ್ಕ? ಆದರೂ ಯಾರನ್ನೂ ಏನೂ ಕೇಳಲಿಲ್ಲ. ಬೇಡಿ ಪಡೆಯುವ ಜಾಯಮಾನ ಅವಳದಲ್ಲ.

ಮೊದಲು ಬಂದವನು ಆರೋನ್. ಒಂದು ಕಾಲು ಎತ್ತಿದವನು ನೆಲ ನೋಡಿ ಹಾಗೇ ಇಳಿಸಿದ. ಹೊಸ್ತಿಲ ಮೇಲೆ ಕೂತು ಬೂಟು ಕಳಚತೊಡಗಿದ. ನಮ್ಮವರು ಬೂಟು ಬಿಡುವುದು ತಂತಮ್ಮ ಮನೆಯ ಬಾಗಿಲಲ್ಲಿ ಮಾತ್ರ. ಚರ್ಚಿನಲ್ಲಿ ಬಿಟ್ಟವರನ್ನು ಯಾರೂ ಕಂಡಿಲ್ಲ. ಹರಿದ ಕಾಲ್ಚೀಲದಿಂದ ಅವನ ಹೆಬ್ಬೆರಳು ಇಣುಕಿತು.

"ಆ ಕಡೆ ನೋಡಕ್ಕ," ಎಂದ.

ಹಿಂದೆ ಬಂದವರು ಅವನನ್ನು ನೋಡಿದರು, ನೆಲ ನೋಡಿದರು, ಬಗ್ಗಿದರು. ಬಾಗಿಲ ಮುಂದಿನ ಚಾವಣಿಯಡಿ ಬೂಟುಗಳ ರಾಶಿ ಬಿತ್ತು. ಪಾದ್ರಿ ಕೂಡ ಕರಿ ನಿಲುವಂಗಿಯ ಕೆಳಗೆ ಉಣ್ಣೆಯ ಕಾಲ್ಚೀಲದಲ್ಲಿ ಪೀಠ ಹತ್ತಿದರು. ಇನ್ನೂರು ಜನ ಬೂಟಿಲ್ಲದೆ ನಿಂತು ಕೀರ್ತನೆ ಹಾಡಿದರು. ಬೋರ್ಬಾಲಾ ಅಳಲಿಲ್ಲ, ತಲೆಯೆತ್ತಿ ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದಳು. ಅಷ್ಟು ಹೆಮ್ಮೆ ಅವಳಿಗೆ ಮದುವೆಯ ದಿನವೂ ಆಗಿರಲಿಲ್ಲ.

ಬೈಬಲ್ಲು, ಬೆಳ್ಳಿಬಟ್ಟಲು ಹೊತ್ತು ಜನ ಮೇಲಿನ ರಸ್ತೆಗೆ ಹೊರಟರು, ಕೆಲವರು ಇನ್ನೊಬ್ಬರ ಬೂಟಿನಲ್ಲಿ. ಅವಳು ಅಭ್ಯಾಸಬಲದಿಂದ ಬಕೆಟ್ಟು ಹಿಡಿದು ಒಳಹೋದಳು. ಪೀಠದ ಮುಂದಿನ ಪ್ರಭುಭೋಜನದ ಮೇಜಿನಿಂದ ಬಾಗಿಲವರೆಗೆ ಒರೆಸಲು ಒಂದು ಹೆಜ್ಜೆಗುರುತೂ ಇರಲಿಲ್ಲ. ನೀರನ್ನು ಅಂಗಳದ ಅಕ್ರೋಟ ಮರದ ಬುಡಕ್ಕೆ ಸುರಿದು, ಬೀಗ ಹಾಕಿ, ಕಾದು ನಿಂತಿದ್ದ ಆರೋನನ ಕೈಗೆ ಬೀಗದಕೈ ಇಟ್ಟಳು.

"ನಾಳೆ ಕೆಡವೋಕೆ ಬರ್ತಾರಲ್ಲ, ಅವರಿಗೂ ಹೇಳು. ಬೂಟು ಹೊರಗೇ ಬಿಡ್ಲಿ."

"ಹೇಳ್ತೀನಕ್ಕ," ಎಂದ ಆರೋನ್. ಅವನು ನಗಲಿಲ್ಲ.