ಗಜಕೋಲಿನ ಮೈಲು

ಬೆಂಕಿ ಆರಿಸುವ ಕೆಲಸಕ್ಕೆ ಸೇರಬೇಕು ಎಂದು ನಾನು ಹೊರಟಿದ್ದು ಲೋಕಕ್ಕೆ ಉಪಕಾರ ಮಾಡಲು ಅಲ್ಲ. ಹಾಗೆಂದು ಯಾರಾದರೂ ತಿಳಿದಿದ್ದರೆ ಈಗಲೇ ಬಿಟ್ಟುಬಿಡಲಿ. ರೋಣದಲ್ಲಿ ಒಂದು ಹತ್ತಿ ಜಿನ್ನಿಗೆ ಬೆಂಕಿ ಬಿದ್ದ ದಿನ ನಾನು ನೂಲು ತರಲು ಅಲ್ಲಿಗೆ ಹೋಗಿದ್ದೆ. ಪೇಟೆಯ ಜನವೆಲ್ಲ ಕೊಡ, ಬಿಂದಿಗೆ ಹಿಡಿದು ಬಾವಿಯಿಂದ ಸಾಲುಗಟ್ಟಿ ನಿಂತು ನೀರು ಸುರಿದರು. ಹಮಾಲರ ಮೀಸೆ ಸುಟ್ಟವು. ಹತ್ತಿಯೆಲ್ಲ ಬೂದಿಯಾಗಿ, ಗೋಡೆ ಬಿದ್ದು, ಇನ್ನು ಸುಡಲು ಏನೂ ಉಳಿದಿಲ್ಲ ಎನ್ನುವ ಹೊತ್ತಿಗೆ ದೂರದ ದೊಡ್ಡ ಊರಿನಿಂದ ಗಂಟೆ ಬಾರಿಸುತ್ತ ಕೆಂಪು ಬಂಬಿನ ಗಾಡಿ ಬಂತು. ಹಿತ್ತಾಳೆಯ ಟೊಪ್ಪಿಗೆ ಹಾಕಿದ ಆರು ಜನ ಅದರಿಂದ ಇಳಿದು, ಬೂದಿಯ ಮೇಲೆ ಶಾಸ್ತ್ರಕ್ಕೆ ನೀರು ಬಿಟ್ಟರು. ಮೀಸೆ ಸುಟ್ಟ ಹಮಾಲರೇ ಅವರಿಗೆ ಕೈ ಮುಗಿದರು. ಜಿನ್ನಿನ ಮಾಲೀಕ ಚಹಾ ತರಿಸಿದ.

ಇದಪ್ಪಾ ನೌಕರಿ ಅಂದರೆ, ಅಂದುಕೊಂಡೆ.

ನನಗೆ ಆಗ ಇಪ್ಪತ್ತು ವರ್ಷ. ಗಜೇಂದ್ರಗಡದಲ್ಲಿ ನಮ್ಮದು ಸೀರೆ ನೇಯುವ ಮನೆ. ದಡಿಯ, ಅಂದರೆ ಬಣ್ಣದ ಅಂಚಿನ ಸೀರೆಗೆ ಮೂರು ಲಾಳಿ. ಒಬ್ಬ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಾನೆ, ಇನ್ನೊಬ್ಬ ಎಡಕ್ಕೆ ಕುಳಿತು ಆ ಕಡೆಯ ದಡಿಯ ಲಾಳಿ ಒಗೆಯುತ್ತಾನೆ. ನೇಯುವವನು ಅಪ್ಪ, ಒಗೆಯುವವನು ನಾನು. ಎಂಟನೆಯ ವಯಸ್ಸಿನಿಂದ ಒಗೆದಿದ್ದೆ. ಸಾಲಿ ಬಿಟ್ಟ ಮೇಲಂತೂ ಬೆಳಗಿನಿಂದ ಸಂಜೆಯವರೆಗೆ ಒಗೆದಿದ್ದೆ. ಬಲಕ್ಕೆ ಅಪ್ಪನ ಕೆಮ್ಮು, ಎಡಕ್ಕೆ ಗೋಡೆ. ಏಳನೆಯ ಇಯತ್ತೆ ಮುಗಿಸಿ ಮುಲ್ಕಿ ಪರೀಕ್ಷೆ ಪಾಸಾದವನು ಮಾಡುವ ಕೆಲಸವೇ ಅದು? ಅಪ್ಪನಿಗೆ ಸಹಿ ಹಾಕಲು ಬರುತ್ತಿರಲಿಲ್ಲ. ಅವನು ಹೇಳಿದ್ದನ್ನು ನಾನು ಅರ್ಧ ಕಿವಿಯಲ್ಲಿ ಕೇಳುತ್ತಿದ್ದೆ, ಅದೂ ಊಟದ ಹೊತ್ತಿನಲ್ಲಿ ಮಾತ್ರ.

ಮರುವರ್ಷ ರೋಣದ ಕಚೇರಿಯ ಹಲಗೆಯ ಮೇಲೆ ಕಾಗದ ಹಚ್ಚಿದ್ದರು. ಬಂಬಿನ ಕೆಲಸಕ್ಕೆ ಜನ ಬೇಕು, ಈ ಭಾಗದಿಂದ ಇಬ್ಬರು, ನರಗುಂದದಲ್ಲಿ ಪರೀಕ್ಷೆ. ಒಂದು ಮೈಲು ಏಳು ನಿಮಿಷದ ಒಳಗೆ ಓಡಬೇಕು. ಓಡಿ ಬಂದವನು ಕೆಳಗೆ ಕೂರದೆ, ಏದುಸಿರು ಬಿಡದೆ, ತನ್ನ ಹೆಸರು, ತಂದೆಯ ಹೆಸರು, ಊರು, ತಾಲೂಕು ಒಂದೇ ಉಸಿರಿನಲ್ಲಿ ಹೇಳಬೇಕು. ಹೊಗೆಯೊಳಗೆ ಹೋಗುವವನಿಗೆ ದಮ್ಮು ಇರಬೇಕಲ್ಲ, ಅದಕ್ಕೆ. ಹೊಗೆ ಆರಿದ ಮೇಲೆ ಬರುವವರಿಗೆ ಇಷ್ಟೆಲ್ಲ ದಮ್ಮು ಯಾಕೆ ಎಂದು ನನಗೆ ನಗು ಬಂತು. ಆದರೂ ಎರಡು ತಿಂಗಳು ಸಮಯವಿತ್ತು, ತಯಾರಿಗೆ ಕುಳಿತೆ. ಅಲ್ಲ, ಎದ್ದೆ.

ಗಜೇಂದ್ರಗಡದಲ್ಲಿ ಗಂಡಸು ಓಡುವುದು ಎಂದರೆ ಏನು ಎಂದು ಈಗಿನವರಿಗೆ ತಿಳಿಯುವುದಿಲ್ಲ. ಚಡ್ಡಿ ಬನಿಯನ್ ಹಾಕಿಕೊಂಡು ನಸುಕಿನಲ್ಲಿ ಎರೆಹೊಲದ ಬಂಡಿದಾರಿಯಲ್ಲಿ ಓಡತೊಡಗಿದ ಮೊದಲ ದಿನವೇ, ನೀರಿನ ಚರಿಗೆ ಹಿಡಿದು ಬಯಲಿಗೆ ಹೊರಟಿದ್ದ ಒಬ್ಬ ಮುದುಕ ದಾರಿ ಬಿಟ್ಟು ನಿಂತು ಮರುಗಿದ.

‘ಅಯ್ಯ ತಮ್ಮಾ, ಅಷ್ಟ ಅವಸರ ಆಗೇತೇನೋ? ಚರಿಗಿನರ ತಗೊಂಡ ಬರಬಾರದ?’

ತನ್ನ ಚರಿಗೆಯನ್ನೇ ನನ್ನ ಕಡೆ ಚಾಚಿದ. ನಾನು ನಿಲ್ಲಲಿಲ್ಲ. ಬಾವಿಗೆ ಬಂದ ಹೆಂಗಸರು ಯಾರು ಬೆನ್ನು ಹತ್ತಿದ್ದಾರೆ ಎಂದು ಹಿಂದೆ ಇಣುಕಿ ನೋಡಿದರು. ನಾಲ್ಕನೆಯ ದಿನದ ಹೊತ್ತಿಗೆ ನನಗೆ ಗಾಳಿ ಬಡಿದಿದೆ ಎಂದು ಓಣಿಯಲ್ಲಿ ತೀರ್ಮಾನವಾಗಿ, ಅವ್ವ ಕದ್ದುಮುಚ್ಚಿ ನಿಂಬೆಹಣ್ಣು ಇಳಿತೆಗೆದು ಮೂರು ದಾರಿ ಕೂಡುವಲ್ಲಿ ಒಗೆದು ಬಂದಳು. ಇಂಥ ಊರು. ಇಲ್ಲಿ ಒಬ್ಬ ಮನುಷ್ಯ ಮುಂದೆ ಬರಲು ಓಡಿದರೆ ಒಂದೋ ಹೊಟ್ಟೆ ಕೆಟ್ಟಿರಬೇಕು, ಇಲ್ಲ ತಲೆ ಕೆಟ್ಟಿರಬೇಕು.

ಸಮಯ ನೋಡಲು ಗಡಿಯಾರ ಬೇಕಿತ್ತು. ನನಗೆ ಸಿಗುವಂಥದ್ದು ಇದ್ದದ್ದು ಗರಡಿಮನೆಯ ವಸ್ತಾದರ ಹತ್ತಿರ. ಯಾವುದೋ ಕಾಲದಲ್ಲಿ ನರಗುಂದದ ಕುಸ್ತಿಯಲ್ಲಿ ಇನಾಮು ಬಂದ ಕಿಸೆಗಡಿಯಾರ ಅದು. ಗಡಿಯಾರ ಚಲೋ ಇತ್ತು. ವಸ್ತಾದರು ಮಾತ್ರ ಅದರ ಜೊತೆ ಬಂದರು. ಬೇವಿನ ಗಿಡದ ಕೆಳಗೆ ಕಂಬಳಿ ಹಾಸಿ, ನನ್ನದೇ ಮನೆಯಿಂದ ತಂದ ಹಾಲು ಕುಡಿಯುತ್ತ, ಓಟವನ್ನೇ ಬೈಯುತ್ತಿದ್ದರು.

‘ಓಡೂದು ಕಳ್ಳರ ಕಸಬಲೇ. ಪೈಲ್ವಾನ ಆದಾಂವ ನಿಂದರಬೇಕು. ದಿನಾ ಐನೂರು ಬೈಠಕ್ ಹೊಡಿ, ತುಪ್ಪ ತಿನ್ನು, ದಮ್ಮು ತಾನ ಬರತೈತಿ.’

ಅವರ ದಮ್ಮು ನನಗೆ ಗೊತ್ತಿತ್ತು. ಕಂಬಳಿಯಿಂದ ಏಳಬೇಕಾದರೆ ಎರಡು ಸಲ ದೇವರ ಹೆಸರು ಹೇಳುತ್ತಿದ್ದರು. ‘ಹೂಂರಿ ವಸ್ತಾದ್ರ’ ಎಂದು ತಲೆಯಾಡಿಸಿ ಓಡುತ್ತಿದ್ದೆ. ಗಡಿಯಾರಕ್ಕೋಸ್ಕರ ಎಷ್ಟು ಸುಳ್ಳು ಮರ್ಯಾದೆ ಕೊಟ್ಟಿದ್ದೇನೋ ಲೆಕ್ಕವಿಲ್ಲ.

ಇನ್ನು ಮೈಲು ಎಲ್ಲಿಂದ ಎಲ್ಲಿಗೆ? ರೋಣದ ರಸ್ತೆಯಲ್ಲಿ ಮೈಲುಗಲ್ಲು ಇರಬೇಕಿತ್ತು. ನಮ್ಮೂರ ಕಡೆಯ ಮೊದಲನೆಯ ಕಲ್ಲನ್ನು ಯಾರೋ ಪುಣ್ಯಾತ್ಮರು ಕಿತ್ತು ಬಚ್ಚಲಕ್ಕೆ ಹಾಕಿಕೊಂಡು ಅದರ ಮೇಲೆ ಧೋತರ ಒಗೆಯುತ್ತಿದ್ದರು. ಅದನ್ನು ಬಿಟ್ಟರೂ ಆ ರಸ್ತೆಗೆ ಏರು ಬಹಳ. ಹಾಗಾಗಿ ನಾನೇ ಅಳೆಯುವುದೆಂದು ಮಾಡಿದೆ. ಮೈಲಿಗೆ ಸಾವಿರದ ಏಳುನೂರ ಅರವತ್ತು ಗಜ. ಅರ್ಧ ಹೋಗಿ ತಿರುಗಿ ಬರುವುದಾದರೆ ಎಂಟುನೂರ ಎಂಬತ್ತು. ಇಷ್ಟು ಬಾಯಿಲೆಕ್ಕ ನಮ್ಮ ಓಣಿಯಲ್ಲಿ ಇನ್ನೊಬ್ಬನಿಗೆ ಬರುತ್ತಿರಲಿಲ್ಲ ಎಂದು ನನಗೆ ಭಾರೀ ಜಂಬ. ಮನೆಯ ಮೂಲೆಯಲ್ಲಿ ಅಜ್ಜನ ಕಾಲದ ಗಜಕೋಲು ಇತ್ತು. ಸೀರೆ ಮುಗಿದಾಗ ಅಪ್ಪ ಅದರಿಂದಲೇ ಅಳೆದು ಕತ್ತರಿಸುತ್ತಿದ್ದ. ಅಳೆಯುವುದು ಅವನ ಕೆಲಸ, ನಾನು ಯಾವತ್ತೂ ಅದರ ಕಡೆ ಕಣ್ಣು ಹಾಯಿಸಿದವನಲ್ಲ. ಕೋಲು ಎತ್ತಿಕೊಂಡು ಹೊಲದ ದಾರಿಗೆ ಹೋದೆ. ಬೇವಿನ ಗಿಡದಿಂದ ಶುರುಮಾಡಿ, ಬಗ್ಗಿ ಬಗ್ಗಿ ನೆಲದ ಮೇಲೆ ಕೋಲು ಹಾಸುತ್ತ, ಗೀರು ಎಳೆಯುತ್ತ, ಎಣಿಸುತ್ತ ಹೊರಟೆ.

ಎಂಟುನೂರು ದಾಟಿದ್ದೆ. ಅಪ್ಪ ಹಿಂದಿನಿಂದ ಬಂದು ನಿಂತ. ಕೋಲು ಕಾಣದೆ ಹುಡುಕಿಕೊಂಡು ಬಂದಿದ್ದ.

‘ಏನ ಮಾಡಾಕತ್ತೀಯೋ ತಮ್ಮಾ?’

‘ಮೈಲು ಅಳ್ಯಾಕತ್ತೀನಿ.’

‘ಈ ಕೋಲ್ಲೆ? ತಮ್ಮಾ, ಈ ಕೋಲು...’

‘ಯಪ್ಪಾ, ಲೆಕ್ಕಾ ತಪ್ಪತೈತಿ, ಸುಮ್ನಿರು. ಇದು ಮೈಲು, ನಿನ್ನ ಸೀರಿ ಅಲ್ಲ. ನಿನಗೇನ ತಿಳೀತದ ಇದರಾಗ?’

ಅಪ್ಪ ಸುಮ್ಮನಾದ. ಸುಮ್ಮನಾಗುವುದು ಅವನಿಗೆ ಚೆನ್ನಾಗಿ ಬರುತ್ತಿತ್ತು, ಬಾಯಿ ಇಲ್ಲದ ದನ ಎಂದೇ ನಾನು ತಿಳಿದಿದ್ದೆ. ಎಣಿಕೆ ಮುಗಿಯುವವರೆಗೆ ಹಿಂದೆ ಹಿಂದೆ ನಡೆದು ಬಂದ. ಎಂಟುನೂರ ಎಂಬತ್ತಕ್ಕೆ ನಾನು ನಿಂತಾಗ, ಬದುವಿನ ಮೇಲಿದ್ದ ಒಂದು ಕಲ್ಲು ಎತ್ತಿಕೊಂಡು ಬಂದು ಕೇಳಿದ.

‘ಇಲ್ಲೇ ಹೌದಿಲ್ಲೊ?’

ನಾನು ತೋರಿಸಿದ ಗೀರಿನ ಮೇಲೆ ಅದನ್ನು ಇಟ್ಟು, ಅಲುಗಾಡದಂತೆ ಸುತ್ತ ಮಣ್ಣು ತುಳಿದು ಗಟ್ಟಿಮಾಡಿ, ಕೋಲು ಹೆಗಲಿಗೆ ಹಾಕಿಕೊಂಡು ಮನೆಗೆ ಹೋದ.

ಎರಡು ತಿಂಗಳು ಆ ಕಲ್ಲು ಮುಟ್ಟಿ ಬಂದೆ. ಮೊದಮೊದಲು ಒಂಬತ್ತು ನಿಮಿಷ, ಎದೆ ಒಡೆದುಹೋಗುವ ಹಾಗೆ. ಆಮೇಲೆ ಎಂಟು. ಕಡೆಗೆ ಏಳರ ಒಳಗೆ ಹತ್ತು ಸೆಕೆಂಡು ಉಳಿಯತೊಡಗಿತು. ಉಸಿರನ್ನು ಹೇಗೆ ಹಂಚಬೇಕು ಎಂದು ಮೈಗೆ ಗೊತ್ತಾಗಿತ್ತು. ತಿರುಗಿ ಬರುವಾಗ ದಾರಿಯ ಬದಿಗೆ ಸಿಗುವ ಬನ್ನಿಗಿಡ ದಾಟಿದ ಕೂಡಲೇ ಇದ್ದದ್ದನ್ನೆಲ್ಲ ಕಾಲಿಗೆ ಹಾಕಿ, ಬೇವಿನ ಗಿಡ ಮುಟ್ಟಿ, ವಸ್ತಾದರ ಮುಂದೆ ನೆಟ್ಟಗೆ ನಿಂತು ಹೆಸರು, ಅಪ್ಪನ ಹೆಸರು, ಊರು, ತಾಲೂಕು ಒಂದೇ ಉಸಿರಿನಲ್ಲಿ ಒದರುತ್ತಿದ್ದೆ. ಅವರು ಒಂದು ದಿನ ಗಡಿಯಾರ ಅಲ್ಲಾಡಿಸಿ, ಕಿವಿಗೆ ಹಿಡಿದು, ‘ಖರೇ ಐತೆಲ್ಲೋ ಮಗನ’ ಅಂದರು. ಮನೆಯಲ್ಲಿ ನಾನು ಲಾಳಿ ಒಗೆಯುವಾಗ ಅಪ್ಪನಿಗೆ ಅದನ್ನು ದಿನವೂ ಹೇಳುತ್ತಿದ್ದೆ. ನೀನು ಇಡೀ ಜನ್ಮ ಈ ಕುಣಿಯಲ್ಲಿ ಕೂತಿ, ನಾ ಏಳು ನಿಮಿಷದಾಗ ಎದ್ದು ಹೋಗತೀನಿ, ಅನ್ನುತ್ತಿದ್ದೆ. ಅವನು ಎಳೆ ಕೂಡಿಸುತ್ತ ಹೂಂ ಅನ್ನುತ್ತಿದ್ದ.

ಪರೀಕ್ಷೆಗೆ ಬಸ್ಸಿನಲ್ಲಿ ರೋಣಕ್ಕೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ನರಗುಂದಕ್ಕೆ ಹೋದೆ. ಗುಡ್ಡದ ಕೆಳಗಿನ ಬಯಲಿನಲ್ಲಿ ಕುರ್ಚಿ, ಮೇಜು, ಖಾಕಿ ಹಾಕಿದ ಸಾಹೇಬರು. ಒಬ್ಬ ಮೋಜಣಿದಾರ ಕಬ್ಬಿಣದ ಸರಪಳಿ ಎಳೆದು ಅಳೆದು, ಆ ತುದಿಗೆ ಕೆಂಪು ಬಾವುಟ ನೆಟ್ಟಿದ್ದ. ಓಡಲು ಬಂದವರು ಇಪ್ಪತ್ತು ಮಂದಿ. ನೋಡಿ ನನಗೆ ಹೇಸಿಗೆಯಾಯಿತು. ಕೆಲವರು ಹಿಂದಿನ ದಿನವಷ್ಟೇ ಸುದ್ದಿ ಕೇಳಿ ಬಂದವರು. ನನ್ನ ಬದಿಯಲ್ಲಿ ಜಕ್ಕಲಿಯವನೊಬ್ಬ, ಕಡ್ಡಿಯಂಥ ಮೈ, ಧೋತರ ಮೇಲೆ ಕಟ್ಟಿ ಬರಿಗಾಲಲ್ಲಿ ನಿಂತು ರೊಟ್ಟಿಯ ಕೊನೆಯ ಚೂರು ಅಗಿಯುತ್ತಿದ್ದ.

‘ತಯಾರಿ ಎಷ್ಟ ದಿನಾ ಮಾಡೀಯಪಾ?’ ಅಂದೆ, ಹೀಯಾಳಿಸಲೆಂದೇ.

‘ಏನ ತಯಾರಿ? ಎತ್ತು ಹಗ್ಗ ಹರಕೊಂಡ್ರ ಬೆನ್ನ ಹತ್ತೂದು, ಅಷ್ಟ’ ಅಂದ.

ಸೀಟಿ ಊದಿದರು. ಬಾವುಟ ಸುತ್ತಿ ತಿರುಗುವಾಗ ನನ್ನ ಮುಂದೆ ಇದ್ದವನು ಜಕ್ಕಲಿಯವನು ಒಬ್ಬನೇ. ಉಸಿರು ಹದವಾಗಿತ್ತು, ಕಾಲು ಹಗುರವಾಗಿದ್ದವು. ಈಗ ಬನ್ನಿಗಿಡದ ಹೊತ್ತು ಬಂತು ಎಂದು ಮೈ ಹೇಳಿದ ಕಡೆ, ಎರಡು ತಿಂಗಳು ಮಾಡಿದಂತೆಯೇ, ಇದ್ದದ್ದನ್ನೆಲ್ಲ ಕಾಲಿಗೆ ಹಾಕಿದೆ. ಅವನನ್ನೂ ದಾಟಿದೆ. ಮುಗಿಯಿತು, ಈಗ ಮುಗಿಯಿತು ಎಂದು ಕಾಲುಗಳು ಅಂದವು. ತಲೆ ಎತ್ತಿ ನೋಡಿದರೆ ಸಾಹೇಬರ ಮೇಜು ಇನ್ನೂ ಎಲ್ಲೋ ಇತ್ತು. ಉಸಿರಿನ ಗಂಟಿನಲ್ಲಿ ಏನೂ ಉಳಿದಿರಲಿಲ್ಲ. ಜಕ್ಕಲಿಯವನು ದಾಟಿದ. ಇನ್ನೊಬ್ಬ ದಾಟಿದ. ಮತ್ತೊಬ್ಬ ದಾಟಿದ. ನಾನು ಹೊಟ್ಟೆ ಹಿಡಿದುಕೊಂಡು ನಡೆದು ಮೇಜು ಮುಟ್ಟಿದೆ. ಏಳು ನಿಮಿಷ ಆಗಿ ಹೋಗಿತ್ತು. ಆದರೂ ನೆಟ್ಟಗೆ ನಿಂತು ಹೆಸರು ಹೇಳಲು ಬಾಯಿ ತೆರೆದೆ.

‘ಇರಲಿ ಬಿಡು, ಹೆಸರು ಬ್ಯಾಡ’ ಅಂದರು ಸಾಹೇಬರು, ನನ್ನ ಕಡೆ ನೋಡದೆ. ಜಕ್ಕಲಿಯವನ ಹೆಸರನ್ನು ಬರೆದುಕೊಳ್ಳುತ್ತಿದ್ದರು.

ಉಸಿರು ಬಂದ ಮೇಲೆ ಮೋಜಣಿದಾರನ ಹತ್ತಿರ ಹೋಗಿ ಜಗಳ ತೆಗೆದೆ. ನಿಮ್ಮ ಸರಪಳಿ ಉದ್ದ ಐತಿ, ನಾ ಅಳೆದು ಓಡಿದಾಂವ, ನನಗ ಮೈಲು ಗೊತ್ತೈತಿ, ಅಂದೆ.

‘ಯಾತರಿಂದ ಅಳದಿಯಪಾ?’

‘ನಮ್ಮ ಮನಿ ಗಜಕೋಲಿಲೆ.’

‘ಸೀರಿ ಅಳಿಯೂ ಕೋಲಿಲೆ?’ ಅಂದವನು ಸರಪಳಿ ಕೆಳಗೆ ಬಿಟ್ಟು ನಕ್ಕ. ಪಕ್ಕದಲ್ಲಿದ್ದವರನ್ನೂ ಕರೆದು ಹೇಳಿದ. ಅವರೂ ನಕ್ಕರು.

ಊರಿಗೆ ಬಂದವನು ಮನೆಯೊಳಗಿದ್ದ ಕೋಲು ಎತ್ತಿಕೊಂಡು ನೆಟ್ಟಗೆ ಪೇಟೆಯ ಅರಿವೆ ಅಂಗಡಿಗೆ ಹೋದೆ. ಅಲ್ಲಿ ಸರಕಾರದ ಮುದ್ರೆ ಒತ್ತಿದ ಕಬ್ಬಿಣದ ಗಜ ಇತ್ತು. ಎರಡನ್ನೂ ಕೂಡಿಸಿ ಹಿಡಿದೆ. ನಮ್ಮ ಕೋಲು ಎರಡು ಬೆರಳು ಗಿಡ್ಡ. ತುದಿ ಕಲ್ಲಿಗೆ ಬಡಿದು ಬಡಿದು ಸವೆದು, ಅಜ್ಜನೋ ಅಪ್ಪನೋ ಅದನ್ನು ಕೆತ್ತಿ ನುಣುಪು ಮಾಡಿದ್ದರು. ಲೆಕ್ಕ ಹಾಕಿದೆ, ಮುಲ್ಕಿ ಪಾಸಾದವನಲ್ಲವೇ. ಮೈಲಿಗೆ ಎಪ್ಪತ್ಮೂರು ಗಜ ಕಡಿಮೆ.

‘ನಿಮ್ಮ ಕೋಲು ಹಿಂದಿನಿಂದ ಹಂಗ ಐತೆಲ್ಲೋ’ ಅಂದ ಅಂಗಡಿಯವನು. ‘ನಿಮ್ಮಪ್ಪ ಒಂಬತ್ತ ಗಜದ ಸೀರಿಗಿ ಒಂದೂವರಿ ಗೇಣು ಹೆಚ್ಚಿಗಿ ನೇದ ತರತಾನ. ಇವತ್ತಿಗೂ ಒಂದ ಸೀರಿ ಕಮ್ಮಿ ಬಂದಿಲ್ಲ ನೋಡು.’

ಮನೆಗೆ ಬಂದಾಗ ಅಪ್ಪ ಕುಣಿಯಲ್ಲಿದ್ದ. ಒಬ್ಬನೇ ಇದ್ದುದರಿಂದ ನೇಯುತ್ತಿರಲಿಲ್ಲ, ಎಳೆ ಸರಿಮಾಡುತ್ತಿದ್ದ. ಕೋಲನ್ನು ಅವನ ಮುಂದೆ ಎಸೆದೆ.

‘ಇದು ಗಿಡ್ಡ ಐತಿ ಅಂತ ಗೊತ್ತಿತ್ತೇನು ನಿನಗ?’

‘ಗೊತ್ತಿತ್ತು.’

‘ಮತ್ತ ಯಾಕ ಹೇಳಲಿಲ್ಲ?’

‘ಹೇಳಾಕ ಬಾಯಿ ತಗದಿದ್ದೆ. ನೀ ಬಿಡಲಿಲ್ಲ.’

ಅದು ನಿಜ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಒಂದು ಬಗೆಯ ಸಮಾಧಾನವೂ ಆಯಿತು. ತಪ್ಪು ನನ್ನ ನಾಲಿಗೆಯದು, ನನ್ನ ಸೊಕ್ಕಿನದು. ಹಾಗಾದರೆ ಅಪ್ಪ ಇನ್ನೂ ನಾನು ತಿಳಿದಿದ್ದ ಅಪ್ಪನೇ, ಬಡಪಾಯಿ, ಗದರಿಸಿದರೆ ಬಾಯಿ ಮುಚ್ಚುವವನು. ಅವನ ಮೇಲೆ ಕರುಣೆ ಬಂದು, ದನಿ ತಗ್ಗಿಸಿ ಕೇಳಿದೆ.

‘ಆವತ್ತ ನಾ ಗದರಿಸಿರಲಿಲ್ಲ ಅಂದ್ರ ಹೇಳತಿದ್ದಿ, ಹೌದಿಲ್ಲೋ?’

ಅಪ್ಪ ಎಳೆಯ ಗಂಟು ಹಾಕಿ, ಹಲ್ಲಿನಿಂದ ತುದಿ ಕಡಿದು ಉಗುಳಿದ.

‘ಆವತ್ತೊಂದ ದಿನ ಹೇಳತಿದ್ನೇನೋ. ಕಲ್ಲ ಇಟ್ಟ ಮ್ಯಾಲೆ ಎರಡ ತಿಂಗಳ ಇತ್ತಲ್ಲೋ. ನೀ ದಿನಾ ಇಲ್ಲೇ ಕೂತು ಮಾತಾಡತಿದ್ದಿ. ಹೇಳಾಕ ಬರತಿರಲಿಲ್ಲೇನು?’

‘ಮತ್ತ?’

‘ನೀ ಹೋದ್ರ ಆ ಕಡೀ ಲಾಳಿ ಯಾರ ಒಗೀಬೇಕು?’

ಸಿಟ್ಟಿಲ್ಲ, ನಾಚಿಕೆಯಿಲ್ಲ, ತಪ್ಪಾಯಿತು ಎನ್ನುವ ಒಂದು ಗೀರೂ ಆ ಮುಖದಲ್ಲಿ ಇರಲಿಲ್ಲ. ಊರಿನವರನ್ನೆಲ್ಲ, ವಸ್ತಾದರನ್ನು, ಸಾಹೇಬರನ್ನು ನಾನು ಒಂದೇ ತಕ್ಕಡಿಯಲ್ಲಿ ಹಾಕಿ ತೂಗಿ ಬಿಸಾಡಿದ್ದೆ. ಈ ಸಹಿ ಬಾರದ ಮನುಷ್ಯ ಎರಡು ತಿಂಗಳು ನನ್ನ ಬಡಾಯಿಗೆ ಹೂಂ ಅನ್ನುತ್ತ ಕುಳಿತು ನನ್ನನ್ನು ಸೋಲಿಸಿದ್ದ. ಅಷ್ಟು ವರ್ಷದಲ್ಲಿ ಮೊದಲ ಸಲ ಅವನನ್ನು ಕೀಳಾಗಿ ಕಾಣಲು ನನ್ನಿಂದ ಆಗಲಿಲ್ಲ. ಅದಕ್ಕೇ ಇರಬೇಕು, ಅವನು ಸಾಯುವವರೆಗೂ ನಾನು ಅವನನ್ನು ಕ್ಷಮಿಸಲಿಲ್ಲ.

‘ಕೂಡು, ಹೊತ್ತ ಹೊಂಟೈತಿ’ ಅಂದ ಅಪ್ಪ. ನಾನು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ, ಅವನ ಎಡಕ್ಕೆ ಕುಳಿತೆ.