ಕೇಳದೆ ಕೊಡದ ಇಶ್ರತ್

ಜಯಪುರ ಪೇಟೆಯ ಮೇಲಿನ ಮಂಜು ಇನ್ನೂ ಕರಗಿಲ್ಲ. ಕೊಪ್ಪದ ಮೊದಲ ಬಸ್ಸು ಬರುವ ಮೊದಲೇ ಔಷಧಿ ಅಂಗಡಿಯ ಶಟರ್ ಅರ್ಧ ಮೇಲೆದ್ದಿದೆ. ಒಳಗೆ ಇಶ್ರತ್ ಫ್ರಿಜ್ಜಿನ ಬಾಗಿಲು ತೆಗೆದು ಥರ್ಮಾಮೀಟರ್ ನೋಡುತ್ತಿದ್ದಾರೆ. ರಾತ್ರಿ ಕರೆಂಟು ಹೋಗಿತ್ತು. ಇನ್ಸುಲಿನ್ ಕೆಡುವಷ್ಟು ಬಿಸಿಯಾಗಿಲ್ಲ ಎಂದು ಖಾತ್ರಿಯಾದ ಮೇಲೆಯೇ ಅವರು ಬೆಳಗಿನ ಗಿರಾಕಿಗಳ ಕಡೆ ತಿರುಗುವುದು.

ಮೊದಲು ಬಂದವರು ಪುಟ್ಟಯ್ಯ. ತೋಟದ ಕೆಲಸಕ್ಕೆ ಹೊರಟವರು, ಕೆಮ್ಮುತ್ತಿದ್ದಾರೆ.

"ಹೋದ ತಿಂಗಳು ಡಾಕ್ಟ್ರು ಬರ್ದಿದ್ರಲ್ಲ, ಅದೇ ಮಾತ್ರೆ ನಾಕು ಕೊಡು."

"ಅದು ಆ್ಯಂಟಿಬಯೋಟಿಕ್ಕು. ಚೀಟಿ ಇಲ್ದೆ ಕೊಡಕ್ಕೆ ಬರಲ್ಲ ಪುಟ್ಟಯ್ಯ. ಒಂದ್ಸಲ ತೋರಿಸ್ಕೊಂಡು ಬನ್ನಿ."

"ಬೇರೆ ಕಡೆ ಎಲ್ಲ ಕೊಡ್ತಾರೆ ಮಾರಾಯ್ತಿ, ನಿಂದೊಂದೇ ಕಾನೂನು," ಎಂದು ಗೊಣಗುತ್ತಾ ಅವರು ಇಳಿದು ಹೋಗುತ್ತಾರೆ. ಇಶ್ರತ್ ಅವರ ಬೆನ್ನನ್ನೇ ನೋಡುತ್ತಾರೆ. "ಬೇಜಾರಾಗುತ್ತೆ," ಎನ್ನುತ್ತಾರೆ. "ಆದ್ರೂ ಕೊಡಲ್ಲ."

ಇಶ್ರತ್ ಇದೇ ಪೇಟೆಯ ದರ್ಜಿಯ ಮಗಳು. ಬಾಳಗಡಿಯಲ್ಲಿ ಓದಿ, ಶಿವಮೊಗ್ಗದಲ್ಲಿ ಡಿ.ಫಾರ್ಮಾ ಮುಗಿಸಿದರು. ಸರ್ಟಿಫಿಕೇಟನ್ನು ಯಾವುದಾದರೂ ಅಂಗಡಿಯ ಗೋಡೆಗೆ ತೂಗುಹಾಕಲು ಬಾಡಿಗೆಗೆ ಕೊಟ್ಟು ಮನೆಯಲ್ಲಿ ಆರಾಮಾಗಿರು ಎಂದವರೂ ಇದ್ದರು. ಇಶ್ರತ್ ಒಪ್ಪಲಿಲ್ಲ. ಅಂಗಡಿಯ ಮಾಲೀಕ ಶೇಷಪ್ಪನವರಿಗೆ ಮೊದಲ ದಿನವೇ ಹೇಳಿದ್ದರು: "ಲೈಸೆನ್ಸಲ್ಲಿ ಹೆಸರು ನಂದಾದ್ರೆ ನಾನೇ ನಿಂತು ಕೊಡ್ತೀನಿ. ನಾನಿಲ್ದಾಗ ಯಾರೂ ಕೊಡಬಾರ್ದು." ಶೇಷಪ್ಪ ಹೂಂ ಎಂದಿದ್ದರು. ಆ ಮಾತಿಗೆ ನಿಲ್ಲಬೇಕಾದ ದಿನ ಬರುತ್ತದೆ ಎಂದು ಅವರು ಅಂದುಕೊಂಡಿರಲಿಲ್ಲ.

ಆ ದಿನ ಬಂದದ್ದು ಎರಡು ವರ್ಷದ ಹಿಂದೆ, ಒಂದು ಸಂತೆಯಂದು. ಅಂಗಡಿಯ ಮುಂದೆ ಜನವೋ ಜನ. ನೆಮ್ಮಾರ್ ಕಡೆಯ ಕಲ್ಲಮ್ಮ ಗುಂಪಿನ ಸಂದಿಯಿಂದ ಕೈ ಚಾಚಿ ಬಾಯಿಹುಣ್ಣಿನ ಪೇಸ್ಟ್ ಕೇಳಿದರು. ಬಾಯಿ ತೆರೆಯಲೂ ಆಗದಷ್ಟು ಹುಣ್ಣು. ಚಾಚಿದ ತೋಳಿನ ಮೇಲೆ ಪೆಟ್ಟು ಬಿದ್ದಂತೆ ನೀಲಿ ಕಲೆಗಳು.

ಪೇಸ್ಟಿಗೆ ಹೋಗಿದ್ದ ಇಶ್ರತ್ ಕೈ ಅಲ್ಲೇ ನಿಂತಿತು. "ಬೇರೆ ಎಂತ ಮಾತ್ರೆ ತಗಳ್ತೀರಮ್ಮ?"

"ಗಂಟುನೋವಿಂದು. ದೊಡ್ಡಾಸ್ಪತ್ರೇಲಿ ಕೊಟ್ಟಿದ್ದು, ಸಣ್ಣ ಹಳದಿ ಮಾತ್ರೆ. ದಿನಾ ತಪ್ಪಿಸಲ್ಲ."

ಇಶ್ರತ್ ಕಲ್ಲಮ್ಮನ ಸೊಸೆ ದಿವ್ಯಳಿಗೆ ಫೋನ್ ಮಾಡಿ, ಮನೆಯಲ್ಲಿದ್ದ ಸ್ಟ್ರಿಪ್‌ಗಳ ಹೆಸರು ಓದಿಸಿದರು. ಆಸ್ಪತ್ರೆಯವರು ಕೊಟ್ಟದ್ದು ಎರಡು ಬಗೆ. ಒಂದು ಕೀಲುವಾತದ ಬಿರುಸಿನ ಔಷಧಿ, ವಾರಕ್ಕೆ ಒಂದೇ ದಿನ ನುಂಗಬೇಕಾದದ್ದು. ಇನ್ನೊಂದು, ಅದರ ತೊಂದರೆ ತಗ್ಗಿಸಲು ಉಳಿದ ದಿನಗಳಿಗೆ ಕೊಡುವ ವಿಟಮಿನ್. ಎರಡೂ ಸಣ್ಣವು, ಎರಡೂ ಹಳದಿ. ಕಲ್ಲಮ್ಮನಿಗೆ ಓದಲು ಬಾರದು. ವಿಟಮಿನ್ ಹಾಗೇ ಉಳಿದಿತ್ತು, ಬಿರುಸಿನ ಔಷಧಿ ಖಾಲಿಯಾಗಿತ್ತು.

"ಅಮ್ಮಾ, ಅದು ವಾರಕ್ಕೆ ಒಂದೇ ಸಲದ್ದು. ಈಗ್ಲೇ ಆಸ್ಪತ್ರೆಗೆ ಹೋಗ್ಬೇಕು."

"ವಾರಕ್ಕೊಂದು ನುಂಗಿದ್ರೆ ನೋವು ಹೋಗುತ್ತಾ? ನೀ ಪೇಸ್ಟ್ ಕೊಡು, ಬಸ್ಸು ಹೊರಡುತ್ತೆ."

ಇಶ್ರತ್ ಪೇಸ್ಟ್ ಕೊಡಲಿಲ್ಲ. ಗಲ್ಲಾದ ಹಿಂದಿನಿಂದ ಹೊರಗೆ ಬಂದು ಕಲ್ಲಮ್ಮನ ಕೈ ಹಿಡಿದುಕೊಂಡರು. ಗಂಡ ಮುಬಶಿರ್‌ಗೆ ಆಟೋ ತರಲು ಹೇಳಿದರು. ಶೇಷಪ್ಪ ದಿಗಿಲುಬಿದ್ದರು. "ಸಂತೆ ದಿನ ಅಂಗಡಿ ಬಿಟ್ಟು ಹೋಗೋದಾ? ಇಷ್ಟು ಜನಕ್ಕೆ ಎಂತ ಹೇಳ್ಲಿ?"

"ನಾ ಬರೋವರೆಗೆ ಯಾರಿಗೂ ಕೊಡಬೇಡಿ. ಈ ಅಮ್ಮನ್ನ ನೋಡಿ, ನಿಮಗೇ ಗೊತ್ತಾಗುತ್ತೆ."

ಶೇಷಪ್ಪ ನೋಡಿದರು. ಶಟರ್ ಎಳೆದರು.

ಕೊಪ್ಪದ ಆಸ್ಪತ್ರೆಯಲ್ಲಿ ಇಶ್ರತ್ ಮಾತ್ರೆಯ ಹೆಸರು ಹೇಳುತ್ತಿದ್ದಂತೆ ಡಾಕ್ಟರ ಮುಖ ಗಂಭೀರವಾಯಿತು. ರಕ್ತದ ಕಣಗಳು ತೀರಾ ಇಳಿದಿದ್ದವು. ಆಂಬುಲೆನ್ಸಿನಲ್ಲಿ ಅಲ್ಲಿಂದಲೇ ಶಿವಮೊಗ್ಗಕ್ಕೆ ಕಳಿಸಿದರು. ಮುಂದಿನ ಎಷ್ಟೋ ದಿನ ಕಲ್ಲಮ್ಮ ಉಳಿಯುವ ಭರವಸೆ ಯಾರಿಗೂ ಇರಲಿಲ್ಲ. ದಿವ್ಯಳ ಫೋನ್ ಬಂದರೆ ಇಶ್ರತ್‌ಗೆ ಎತ್ತಲು ಹೆದರಿಕೆ. ಒಂದು ಮಧ್ಯಾಹ್ನ ಎತ್ತಿದಾಗ, "ಅತ್ತೆ ಗಂಜಿ ಕುಡಿದ್ರು ಅಕ್ಕ," ಎಂದಳು ದಿವ್ಯ. ಇಶ್ರತ್ ಔಷಧಿ ಕಪಾಟುಗಳ ನಡುವೆಯೇ ಕುಸಿದು ಕೂತು ಅತ್ತುಬಿಟ್ಟರು.

"ಅವ್ರು ಕೇಳಿದ್ದು ಪೇಸ್ಟ್," ಎನ್ನುತ್ತಾರೆ ಈಗ. "ಕೊಟ್ಟು ಕಳ್ಸಿದ್ರೆ ನಂದು ತಪ್ಪು ಅಂತ ಯಾರೂ ಹೇಳ್ತಿರ್ಲಿಲ್ಲ. ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಮೈ ತಣ್ಣಗಾಗುತ್ತೆ."

ಅಂದಿನಿಂದ ವಾರದ ಮಾತ್ರೆ ಕೊಳ್ಳುವವರು ವಾರದ ಯಾವ ದಿನ ನುಂಗುತ್ತೇವೆಂದು ತಮ್ಮ ಬಾಯಲ್ಲೇ ಹೇಳಬೇಕು. ಓದಲು ಬಾರದವರಿಗೆ ಪೊಟ್ಟಣದ ಮೇಲೆ ವಾರಕ್ಕೊಂದೇ ಎಂಬ ಗುರುತಿಗೆ ದಪ್ಪನೆಯ ಒಂದೇ ಕೆಂಪು ಗೆರೆ ಎಳೆದು ಕೊಡುತ್ತಾರೆ. ತಡವಾಗುತ್ತದೆಂದು ಸಿಡುಕಿ ಹೋದವರಿದ್ದಾರೆ, ತಿರುಗಿ ಬಾರದವರೂ ಇದ್ದಾರೆ. ಶೇಷಪ್ಪ ಈಗ ಆ ಬಗ್ಗೆ ಏನೂ ಅನ್ನುವುದಿಲ್ಲ. ಕಲ್ಲಮ್ಮ ಮಾತ್ರ ತಿಂಗಳಿಗೊಮ್ಮೆ ಕೋಲೂರಿಕೊಂಡು ಬರುತ್ತಾರೆ. ಮೊದಲಿನ ಕಸುವಿಲ್ಲ, ಬೆರಳು ಪೂರ್ತಿ ಮಡಚಲಾಗುವುದಿಲ್ಲ. ಅವಸರ ಮಾಡುವವರನ್ನು ಕಂಡರೆ ಅವರೇ ಗದರುತ್ತಾರೆ: "ಕೇಳ್ಲಿ ಬಿಡು ಮಾರಾಯ, ನಿನ್ನ ಒಳ್ಳೇದಕ್ಕೇ ಕೇಳದು."

ಬಸ್ಸು ಬಂದು ನಿಲ್ಲುತ್ತದೆ. ಗಲ್ಲಾದ ಮುಂದೆ ಜನ ಸೇರುತ್ತಾರೆ. ನಿಮಗೇನಾದರೂ ಆಸೆಯಿದೆಯೇ ಎಂದರೆ ಇಶ್ರತ್ ಕಪಾಟಿನ ಪಕ್ಕದ ಖಾಲಿ ಜಾಗ ತೋರಿಸುತ್ತಾರೆ.

"ಅಲ್ಲೊಂದು ಬೆಂಚು ಹಾಕ್ಬೇಕು. ನಿಂತವ್ರು ಹೊರಡೋ ಅವಸರದಲ್ಲಿರ್ತಾರೆ. ಕೂತ್ರೆ ನಿಧಾನಕ್ಕೆ ಎಲ್ಲಾ ಹೇಳ್ತಾರೆ."